ದೋಣಿಯ ಹಿಂದೆ

ತೆಂಗಿನ ನಾಡಿನವರಿಗೂ ಸಮುದ್ರಕ್ಕೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಾವು ದಿನನಿತ್ಯ ಕಾಣುವ ತೆರೆಗಳೆಂದರೆ ಗಾಳಿಗೆ ತೂಗುವ ಗರಿಗಳವು ಮಾತ್ರ. ಹೀಗಿರಲು, ಕಳೆದ ಚಳಿಗಾಲದಲ್ಲಿ ನಮ್ಮ ತರಗತಿಯವರು ಪ್ರವಾಸ ಹೊರಟು, ಅರಸೀಕೆರೆ, ಹಾಸನ, ಸಕಲೇಶಪುರಗಳನ್ನು ಹಾದು, ಶಿರಾಡಿ ಘಾಟಿಯ ತಿರುವುಗಳಲ್ಲಿ ತಿಂದುದನ್ನೆಲ್ಲ ಕಳೆದುಕೊಂಡು, ಉಡುಪಿಯ ಬಳಿಯ ಮಲ್ಪೆಯ ಕಡಲತೀರವನ್ನು ಸೇರಿದೆವು. ಅಲ್ಲಿ ನಾನು ಪಟ್ಟ ಪಾಡನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಈಜು ಬಾರದು. ನಮ್ಮ ತೋಟದಲ್ಲೊಂದು ಹಳೆಯ ಕಪಿಲೆ ಬಾವಿಯಿದೆ. ನನ್ನ ತಾತ ಅದರಲ್ಲಿ ನಮ್ಮ ತಂದೆಯವರಿಗೂ ಊರಿನ ಅರ್ಧ ಹುಡುಗರಿಗೂ ಈಜು ಕಲಿಸಿದವರು. ಅವರ ಪಾಠಕ್ರಮ ಬಹಳ ಸರಳ. ಅಟ್ಟದಿಂದ ಸಿಪ್ಪೆ ಸುಲಿಯದ ಎರಡು ಒಣಕಾಯಿಗಳನ್ನು ಇಳಿಸಿ, ಹುಡುಗನ ಬೆನ್ನಿಗೆ ಕಟ್ಟಿ, ಬಾವಿಗೆ ತಳ್ಳುವುದು. ಸಿಪ್ಪೆಯ ನಾರಿನ ಸಂದುಗಳಲ್ಲಿ ಗಾಳಿ ನಿಂತಿರುವುದರಿಂದ ಕಾಯಿ ಮುಳುಗದು, ಕಾಯಿ ಕಟ್ಟಿಕೊಂಡವನೂ ಮುಳುಗನು. ಕೈಕಾಲು ಹದಕ್ಕೆ ಬಂದಂತೆ ಒಂದು ಕಾಯಿಯನ್ನು ಬಿಚ್ಚುವುದು. ಕೊನೆಗೊಂದು ದಿನ ಎರಡನೆಯದನ್ನೂ. ಆದರೆ ನಾನು ಹುಟ್ಟುವ ವೇಳೆಗೆ ಸುತ್ತೆಲ್ಲ ಕೊಳವೆಬಾವಿಗಳು ಇಳಿದು, ಆ ಬಾವಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ಗುರುಗಳಿದ್ದರು, ಕಾಯಿಗಳಿದ್ದವು, ನೀರು ಮಾತ್ರ ಇರಲಿಲ್ಲ.

ಮಲ್ಪೆಯಲ್ಲಿ ನೀರಿಗೇನು ಕೊರತೆ? ತೀರದಲ್ಲಿ ಬಾಳೆಹಣ್ಣಿನಾಕಾರದ, ಗಾಳಿ ತುಂಬಿದ ಹಳದಿ ಬಣ್ಣದ ವಾಹನವೊಂದು ತೇಲುತ್ತಿತ್ತು. ಅದಕ್ಕೆ ಬನಾನಾ ಬೋಟ್ ಎಂದು ಹೆಸರು. ಅದಕ್ಕೆ ಯಂತ್ರವಿಲ್ಲ, ಹುಟ್ಟಿಲ್ಲ. ಮುಂದಿರುವ ಮೋಟಾರು ದೋಣಿ ಹಗ್ಗದಿಂದ ಎಳೆದರೆ ಉಂಟು, ಇಲ್ಲವಾದರೆ ಇಲ್ಲ. ಗೆಳೆಯರೆಲ್ಲ ಹತ್ತಿದರು. ಅಧ್ಯಾಪಕರೊಬ್ಬರು ನನ್ನ ಕಡೆ ನೋಡಿ, "ಏನಪ್ಪಾ, ಚರ್ಚಾಸ್ಪರ್ಧೆಯಲ್ಲಿ ಮಾತ್ರವೋ ನಿನ್ನ ಧೈರ್ಯ?" ಎಂದರು. ಮಾನಕ್ಕೆ ಅಂಜಿ ಪ್ರಾಣವನ್ನು ಒತ್ತೆಯಿಟ್ಟೆ. ಲೈಫ್ ಜಾಕೆಟ್ ತೊಡಿಸಿ ಪಟ್ಟಿಗಳನ್ನು ಬಿಗಿದ ಯುವಕ, "ಹೆದರ್ಬೇಡಿ ಮಾರಾಯ್ರೇ, ಬಿದ್ರೆ ಒದ್ದಾಡ್ಬೇಡಿ, ಇದೇ ನಿಮ್ಮನ್ನು ಎತ್ತುತ್ತದೆ" ಎಂದ. 'ಬಿದ್ರೆ' ಎಂಬ ಮಾತು ನನ್ನ ಕಿವಿಯಲ್ಲೇ ಉಳಿಯಿತು.

ಹಗ್ಗ ಬಿಗಿಯಿತು. ಒಮ್ಮೆಗೇ ಜಗ್ಗಿದಂತಾಗಿ ತೀರ ಹಿಂದೆ ಸರಿಯಿತು. ಪ್ರತಿ ತೆರೆಯೂ ನಮ್ಮನ್ನು ಎತ್ತಿ ಕುಕ್ಕುತ್ತಿತ್ತು. ಉಪ್ಪುನೀರು ಕಣ್ಣಿಗೆ ಬಡಿಯಿತು. ಹಿಡಿಕೆಯನ್ನು ಹಿಡಿದ ಬೆರಳುಗಳು ಬೆಳ್ಳಗಾದವು. ಆಮೇಲೆ ದೋಣಿ ಸರಕ್ಕನೆ ತಿರುಗಿತು, ಬಾಳೆಹಣ್ಣು ಮಗುಚಿತು, ನಾನು ಕಡಲಿನಲ್ಲಿದ್ದೆ.

ಒಂದು ಕ್ಷಣ ಮೇಲು ಯಾವುದು, ಕೆಳಗು ಯಾವುದು ತಿಳಿಯಲಿಲ್ಲ. ನನಗೆ ನೆನಪಾದುದು ದೇವರಲ್ಲ, ಪರೀಕ್ಷೆಯಲ್ಲ, ನಮ್ಮ ಒಣಬಾವಿ. ಅಷ್ಟರಲ್ಲಿ ಜಾಕೆಟ್ಟು ನನ್ನನ್ನು ಕಂಕುಳಿಗೆ ಕೈಕೊಟ್ಟು ಎತ್ತಿದಂತೆ ಎತ್ತಿತು. ತಲೆ ಹೊರಬಂದಿತು. ಕೈಕಾಲು ಸಡಿಲ ಬಿಟ್ಟೆ. ಆಶ್ಚರ್ಯ! ನಾನು ತೇಲುತ್ತಿದ್ದೆ. ತಲೆಯ ಮೇಲೆ ಆಕಾಶ, ಕಿವಿಯಲ್ಲಿ ನೀರಿನ ಮೊರೆತ. ಭಯ ಎಲ್ಲಿಗೋ ಹೋಗಿತ್ತು.

ಊರಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಈ ಆಟಗಳ ಚರಿತ್ರೆಯನ್ನು ಹುಡುಕಿದೆ. ಅಮೆರಿಕದ ಮಿನ್ನೆಸೋಟಾದಲ್ಲಿ 1922ರಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ 18 ವರ್ಷದ ಯುವಕ, ಪೆಪಿನ್ ಸರೋವರದಲ್ಲಿ, ದೋಣಿಯ ಹಿಂದೆ ಹಗ್ಗ ಹಿಡಿದು ನೀರ ಮೇಲೆ ಜಾರಲು ಹೊರಟನಂತೆ. ಮೊದಲು ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡ, ಮುಳುಗಿದ. ಹಿಮದ ಮೇಲೆ ಜಾರುವ ಹಲಗೆಗಳನ್ನು ಕಟ್ಟಿಕೊಂಡ, ಮುಳುಗಿದ. ಕೊನೆಗೆ ತಾನೇ ಅಗಲವಾದ ಹಲಗೆಗಳನ್ನು ಮಾಡಿ, ತುದಿಗಳನ್ನು ಕುದಿಸಿ ಬಾಗಿಸಿ, ಹಿಂದಕ್ಕೆ ವಾಲಿ ನಿಂತಾಗ ನೀರು ಅವನನ್ನು ಹೊತ್ತಿತು. ನನ್ನಂತೆಯೇ ನನ್ನ ವಯಸ್ಸಿನವನು ಎಂದು ಮೊದಲು ಹೆಮ್ಮೆಯಾಯಿತು. ಆಮೇಲೆ ವ್ಯತ್ಯಾಸ ಹೊಳೆಯಿತು: ಅವನು ಮುಳುಗಿ ಮುಳುಗಿ ಕಲಿತವನು, ನಾನು ಹಣ ಕೊಟ್ಟು ತೇಲಿದವನು.

ಈ ಮಾತನ್ನು ನನಗಿಂತ ಮೊದಲೇ ತಾತ ಹೇಳಿದ್ದರು. ಪ್ರವಾಸದಿಂದ ಮರಳಿದ ರಾತ್ರಿ, ಜಗಲಿಯ ಮೇಲೆ ಕುಳಿತು, ನಾನು ಸಮುದ್ರವನ್ನು ಗೆದ್ದ ವೃತ್ತಾಂತವನ್ನು ಉಪ್ಪುಖಾರ ಹಚ್ಚಿ ವರ್ಣಿಸಿದೆ. ತಾತ ಎಲ್ಲವನ್ನೂ ಕೇಳಿ, ಎಲೆಯಡಿಕೆಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು:

"ಆ ಅಂಗಿ ಬಿಚ್ಚಿದ ಮೇಲೆ ಈಜಿದೆಯೇನಪ್ಪಾ?"

ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ಅಟ್ಟದ ಏಣಿಯ ಬಳಿ ಎರಡು ಒಣಕಾಯಿಗಳು ಜೋಡಿ ಕಟ್ಟಿ ಇದ್ದವು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನುತ್ತಿತ್ತು.

ತುರುವೇಕೆರೆಯ ಕಡೆ ನಮ್ಮ ಸೋದರತ್ತೆಯ ಊರಿದೆ. ಹೇಮಾವತಿ ನಾಲೆಯ ನೀರು ಬಂದ ವರ್ಷಗಳಲ್ಲಿ ಅಲ್ಲಿನ ತೋಟದ ಬಾವಿಯಲ್ಲಿ ಒಂದೂವರೆ ಆಳು ನೀರು ನಿಲ್ಲುತ್ತದೆ. ಈಗ ಪ್ರತಿ ಭಾನುವಾರ ತಾತನೂ ನಾನೂ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತೇವೆ. ತಾತ ಮೆಟ್ಟಿಲ ಮೇಲೆ ಕುಳಿತು ಹಗ್ಗದ ತುದಿ ಹಿಡಿದಿರುತ್ತಾರೆ. ಇನ್ನೊಂದು ತುದಿಯಲ್ಲಿ ನಾನು. ನೀರು ಕುಡಿದದ್ದಕ್ಕೆ ಲೆಕ್ಕವಿಲ್ಲ. ಕಳೆದ ಭಾನುವಾರ ಒಂದು ಕಾಯಿ ಬಿಚ್ಚಿದರು.

ಇನ್ನೊಂದು ಉಳಿದಿದೆ.