ಅಮರದೊಳಗಿನ ಮರ

ಪ್ರಬಂಧದಲ್ಲಿ ‘ಮರ’ ಕಂಡಲ್ಲೆಲ್ಲ ‘ಗಿಡ’ ಎಂದು ತಿದ್ದಹೊರಟರೆ ‘ಅಮರ’ವು ‘ಅಗಿಡ’ವಾಗುತ್ತದೆ. 1970ರ ದಶಕದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಸೆಡ್’ ಎಂಬ ಆಜ್ಞೆಯೂ ಅಕ್ಷರಗಳನ್ನು ನೋಡುತ್ತದೆಯೇ ಹೊರತು ಅರ್ಥವನ್ನಲ್ಲ.

ಡಿಸ್ಕುಗಳ ವಿವರವಿರುವ ಲಿನಕ್ಸ್ ಕಡತವೊಂದರಲ್ಲಿ ‘ಎಸ್‌ಡಿಎ1’ ಎಂಬುದನ್ನು ‘ಎಸ್‌ಡಿಬಿ1’ ಎಂದು ಅದರಿಂದ ತಿದ್ದಿಸಿದೆ. ‘ಎಸ್‌ಡಿಎ10’ ಕೂಡ ಬದಲಾಯಿತು. ಮರುದಿನ ಗಣಕಯಂತ್ರ ಏಳಲಿಲ್ಲ. ನಿಮ್ಮೆಲ್ಲರ ಶಾಲಾದಿನಗಳ ಚಿತ್ರಗಳು ಅದರೊಳಗಿದ್ದವು, ಎದೆ ನಡುಗಿತು.

ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲೇ ದಾರಿ ತೋರಿ ಸರಿಪಡಿಸಿದ. ಚಿತ್ರಗಳು ಉಳಿದವು. “ಸಾರ್, ‘ಮೈನಸ್ ಐ’ ಕೊಟ್ಟರೆ ಕಡತವೇ ಬದಲಾಗುತ್ತದೆ. ಮೊದಲು ಅದಿಲ್ಲದೆ ತೆರೆಯ ಮೇಲೆ ನೋಡಿ. ಬಳಿಕ ‘ಮೈನಸ್ ಐ ಡಾಟ್ ಬ್ಯಾಕ್’ ಕೊಡಿ, ಹಳೆಯ ಪ್ರತಿಯೂ ಇರುತ್ತದೆ” ಎಂದ.

ಉತ್ತರಪತ್ರಿಕೆ ಕೊಡುವ ಮುನ್ನ ಮತ್ತೊಮ್ಮೆ ಓದಿರೆಂದು ನಿಮಗೆ ಹೇಳುತ್ತಿದ್ದವನು ನಾನೇ.