ಒಂದೇ ಮನೆ, ಐದು ವಿಳಾಸ

ನಮ್ಮದು ರಾಮನಗರದ ಪಕ್ಕದ ಒಂದು ಸಣ್ಣ ಹಳ್ಳಿ. ನಮ್ಮ ಮನೆ ಕಟ್ಟಿದ ಜಾಗದಿಂದ ಒಂದಿಂಚೂ ಕದಲಿಲ್ಲ, ಆದರೆ ಇಲ್ಲಿಯವರೆಗೆ ಐದು ವಿಳಾಸ ಕಂಡಿದೆ. ಮುತ್ತಾತನ ಕಾಲದ ಕ್ರಯಪತ್ರದಲ್ಲಿ ‘ಕ್ಲೋಸ್‌ಪೇಟೆ, ಬೆಂಗಳೂರು ಜಿಲ್ಲೆ’ ಅಂತಿದೆ. ತಾತನ ಕಂದಾಯ ರಸೀದಿಯಲ್ಲಿ ‘ರಾಮನಗರ, ಬೆಂಗಳೂರು ಜಿಲ್ಲೆ’. 1986ರಲ್ಲಿ ಜಿಲ್ಲೆ ಒಡೆದ ಮೇಲೆ ಹುಟ್ಟಿದ ನನ್ನ ಜನನ ಪತ್ರದಲ್ಲಿ ‘ಬೆಂಗಳೂರು ಗ್ರಾಮಾಂತರ’. 2007ರಲ್ಲಿ ನಮಗೇ ಒಂದು ಜಿಲ್ಲೆ ಆಯಿತು, ಹಾಗಾಗಿ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾನು ‘ರಾಮನಗರ ಜಿಲ್ಲೆ’ಯವನು. 2025ರ ಮೇ ತಿಂಗಳಲ್ಲಿ ಸರ್ಕಾರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಿತು. ಈಗ ಅಣ್ಣನ ಮಗಳ ಶಾಲೆಯ ಅರ್ಜಿಯಲ್ಲಿ ಅದೇ ಹೆಸರು.

ಆಫೀಸಿನಲ್ಲಿ ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆ. ‘ನೀನು ಮನೆಯಿಂದ ಹೊರಗೆ ಬರದೆಯೇ ಬೆಂಗಳೂರಿಗೆ ಶಿಫ್ಟ್ ಆದೆಯಲ್ಲ ಮಾರಾಯ’ ಅಂದ ಒಬ್ಬ ಗೆಳೆಯ. ನಾನೂ ನಕ್ಕೆ. ಆದರೆ ನಮ್ಮ ಮನೆಯಲ್ಲಿ ಈ ವಿಷಯ ಅಷ್ಟು ಸುಲಭಕ್ಕೆ ನಗುವಂಥದ್ದಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ. ಮೊದಲು ಆ ಕ್ಲೋಸ್ ಯಾರು ಅಂತ ನೋಡೋಣ.

ಬ್ಯಾರಿ ಕ್ಲೋಸ್ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಐರ್ಲೆಂಡಿನವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಸೈನ್ಯದ ಜೊತೆಯಲ್ಲಿದ್ದ. ಟಿಪ್ಪು ಸತ್ತ ಮೇಲೆ ಮೈಸೂರಿಗೆ ಕಂಪನಿಯ ಮೊದಲ ರೆಸಿಡೆಂಟ್ ಆದ. ಬೆಂಗಳೂರು–ಮೈಸೂರು ದಾರಿಯಲ್ಲಿ ನಮ್ಮ ಕಡೆ ಆಗ ದಟ್ಟ ಕಾಡು, ಓಡಾಡುವವರಿಗೆ ಭಯ. ದಾರಿ ಸುರಕ್ಷಿತ ಆಗಲಿ ಅಂತ 1800ರಲ್ಲಿ ಅಲ್ಲೊಂದು ಪೇಟೆ ಕಟ್ಟಿಸಿ ಅದಕ್ಕೆ ಅವನ ಹೆಸರಿಟ್ಟರು. ಮುಂದಿನ ವರ್ಷವೇ ಅವನು ಪುಣೆಗೆ ರೆಸಿಡೆಂಟ್ ಆಗಿ ಹೋದ. ಹೆಸರು ಮಾತ್ರ ಒಂದೂವರೆ ಶತಮಾನ ಇಲ್ಲೇ ಉಳಿಯಿತು. ಅದಕ್ಕೂ ಮೊದಲು, ಟಿಪ್ಪು ಕಾಲದಲ್ಲಿ, ಊರಿಗೆ ಶಂಶೇರಾಬಾದ್ ಅಂತ ಹೆಸರಿತ್ತು ಎನ್ನುತ್ತಾರೆ. ಅಂದರೆ ಅಧಿಕಾರಕ್ಕೆ ಬಂದವರೆಲ್ಲ ನಮ್ಮ ಊರಿನ ಮೇಲೆ ಕೈ ಆಡಿಸಿದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಕ್ಲೋಸ್‌ಪೇಟೆ ರಾಮನಗರ ಆಯಿತು. ಅದಕ್ಕೆ ನಮ್ಮ ಕಡೆಯವರೇ ಆದ ಕೆಂಗಲ್ ಹನುಮಂತಯ್ಯನವರೇ ಕಾರಣ ಎಂದು ಊರವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಆಗ ಯಾರೂ ಅತ್ತಂತಿಲ್ಲ. ರಾಮದೇವರ ಬೆಟ್ಟ, ರಾಮಗಿರಿ ಅನ್ನುವ ಹೆಸರುಗಳು ಜನರ ಬಾಯಲ್ಲಿ ಮೊದಲಿಂದಲೂ ಇದ್ದವು. ಸರ್ಕಾರ ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ, ಬಾಯಲ್ಲಿದ್ದದ್ದನ್ನು ಬೋರ್ಡಿಗೆ ತಂದಿತು ಅಷ್ಟೆ. ಕಾನಕಾನಹಳ್ಳಿ ಕನಕಪುರ ಆಗಿದ್ದೂ ಹೀಗೇ ಜನರಿಗೆ ಒಗ್ಗಿಹೋಯಿತು.

ಎಲ್ಲ ಹೆಸರೂ ಹೀಗೆ ಒಗ್ಗುವುದಿಲ್ಲ. ಮಾಗಡಿ ಕಡೆ ಅರ್ಕಾವತಿಗೆ 1933ರಲ್ಲಿ ಕಟ್ಟಿದ ಜಲಾಶಯಕ್ಕೆ ಚಾಮರಾಜಸಾಗರ ಅಂತ ರಾಜಮನೆತನದ ಹೆಸರಿದೆ. ಆದರೆ ಎಲ್ಲರ ಬಾಯಲ್ಲೂ ಅದು ತಿಪ್ಪಗೊಂಡನಹಳ್ಳಿಯೇ. ಬೆಂಗಳೂರಿನ ಕಬ್ಬನ್ ಪಾರ್ಕ್ 1927ರಿಂದ ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಪಾರ್ಕ್. ಆಟೋದವರಿಗೆ ಹಾಗೆ ಹೇಳಿ ನೋಡಿ, ನಿಮ್ಮನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

ನಮ್ಮ ಟೀಮಿನಲ್ಲಿ ಮೆಲ್ಬರ್ನ್‌ನಲ್ಲಿ ಕೂತು ಕೆಲಸ ಮಾಡುವ ಇಬ್ಬರಿದ್ದಾರೆ. 2024ರ ಜನವರಿಯಲ್ಲಿ, ಅವರ ಆಸ್ಟ್ರೇಲಿಯಾ ಡೇಗೆ ಒಂದು ದಿನ ಮುಂಚೆ, ಅಲ್ಲಿನ ಸೇಂಟ್ ಕಿಲ್ಡಾದಲ್ಲಿದ್ದ ಕ್ಯಾಪ್ಟನ್ ಕುಕ್ ಪ್ರತಿಮೆಯನ್ನು ಯಾರೋ ಪಾದದ ಹತ್ತಿರ ಕೊಯ್ದು ಬೀಳಿಸಿದ್ದರು. ಆವತ್ತು ಕಾಲ್‌ನಲ್ಲಿ ಕೆಲಸದ ಮಾತಿಗಿಂತ ಅದೇ ಮಾತು. ಒಬ್ಬರು ‘ಇತಿಹಾಸ ಅಳಿಸ್ತಿದ್ದಾರೆ’ ಅಂದರು. ಇನ್ನೊಬ್ಬರು ‘ಯಾರ ಇತಿಹಾಸ?’ ಅಂದರು. ಸಿಡ್ನಿಯ ಹೈಡ್ ಪಾರ್ಕಿನಲ್ಲಿರುವ ಕುಕ್ ಪ್ರತಿಮೆಯ ಕೆಳಗೆ, 1770ರಲ್ಲಿ ಈತ ಈ ನಾಡನ್ನು ‘ಕಂಡುಹಿಡಿದ’ ಅಂತ ಕೆತ್ತಿದ್ದಾರಂತೆ. ಹತ್ತಾರು ಸಾವಿರ ವರ್ಷಗಳಿಂದ ಜನ ಬದುಕುತ್ತಿದ್ದ ನೆಲ ಅದು. ನಾಳೆ ಯಾರೋ ಬಂದು ನಮ್ಮ ಜಗಲಿ ಮೇಲೆ ನಿಂತು ‘ಈ ಮನೆಯನ್ನು ನಾನು ಕಂಡುಹಿಡಿದೆ’ ಅಂದರೆ ಅವ್ವ ಪೊರಕೆ ತಗೋತಾಳೆ.

ಅದೇ ಆಸ್ಟ್ರೇಲಿಯಾದಲ್ಲಿ ಇನ್ನೊಂದು ದಾರಿಯನ್ನೂ ಹುಡುಕಿದ್ದಾರೆ. ನಡುನಾಡಿನ ಆ ದೊಡ್ಡ ಕೆಂಪು ಬಂಡೆಗೆ ಅಲ್ಲಿನ ಅನಂಗು ಜನ ಉಲುರು ಅಂತಾರೆ. 1873ರಲ್ಲಿ ಗಾಸ್ ಅನ್ನುವ ಸರ್ವೇಯರ್ ಅದಕ್ಕೆ ಒಬ್ಬ ದೊಡ್ಡ ಅಧಿಕಾರಸ್ಥನ ಹೆಸರು ಸೇರಿಸಿ ‘ಏಯರ್ಸ್ ರಾಕ್’ ಅಂತ ಇಟ್ಟ. 1993ರಲ್ಲಿ ಸರ್ಕಾರ ‘ಏಯರ್ಸ್ ರಾಕ್/ಉಲುರು’ ಅಂತ ಎರಡೂ ಹೆಸರನ್ನು ಅಧಿಕೃತ ಮಾಡಿತು. 2002ರಲ್ಲಿ ಕ್ರಮ ಬದಲಿಸಿ ಉಲುರುವನ್ನು ಮುಂದಕ್ಕೆ ತಂದರು. ಈಗ ಬಹುತೇಕರು ಉಲುರು ಅಂತಲೇ ಹೇಳುತ್ತಾರೆ. ಇದರಲ್ಲಿ ಏನನ್ನೂ ಅಳಿಸಲಿಲ್ಲ, ಯಾರು ಮೊದಲು ಅನ್ನುವುದನ್ನು ಮಾತ್ರ ಸರಿಮಾಡಿದರು.

ನಮ್ಮಲ್ಲೂ ಕೆಡವಿದ್ದು ಇದೆ. ಬೆಂಗಳೂರಿನಲ್ಲಿ ಈಗ ಕಾರ್ಪೊರೇಷನ್ ಕಚೇರಿ ಇರುವ ಜಾಗದ ಹತ್ತಿರ ಒಂದು ಎತ್ತರದ ಸ್ಮಾರಕ ಸ್ತಂಭ ಇತ್ತು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆ ಹಿಡಿದಾಗ ಸತ್ತ ಬ್ರಿಟಿಷರ ನೆನಪಿಗೆ ನಿಲ್ಲಿಸಿದ್ದು. ಅದರಿಂದಲೇ ಆ ರಸ್ತೆಗೆ ಸೆನೊಟಾಫ್ ರೋಡ್ ಅಂತ ಹೆಸರು. ಕನ್ನಡ ಚಳವಳಿಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ತೆಗೆದರು. ರಸ್ತೆ ನೃಪತುಂಗ ರಸ್ತೆ ಆಯಿತು. ಅದೇ ಕೋಟೆಯನ್ನು ಕಾಯುತ್ತಾ ಸತ್ತ ಕಿಲ್ಲೇದಾರ ಬಹದ್ದೂರ್ ಖಾನ್ ಹೆಸರು ಆ ಸ್ತಂಭಕ್ಕೆ ಬೇಕಿರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮ ಮಾಗಡಿಯ ಸಾವನದುರ್ಗವೂ ಬಿತ್ತು. ಅಲ್ಲಿ ಸತ್ತವರಿಗೆ ಯಾರು ಕಂಬ ನಿಲ್ಲಿಸಿದರು? ಇದನ್ನು ಯೋಚಿಸಿದರೆ ಸ್ತಂಭ ಕಿತ್ತವರ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಕಿತ್ತ ಮೇಲೆ ಬಹದ್ದೂರ್ ಖಾನ್‌ನನ್ನು ನಾವೂ ಮರೆತೆವು. ಅವರ ಕಂಬ ಹೋಯಿತು, ನಮ್ಮವರ ನೆನಪು ಬರಲಿಲ್ಲ.

ಕಬ್ಬನ್ ವಿಷಯದಲ್ಲಿ ಬೇರೆ ಥರ ಆಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಪ್ರತಿಮೆ ಹೈಕೋರ್ಟ್ ಆವರಣದಲ್ಲಿತ್ತು. 2020ರಲ್ಲಿ ಅದನ್ನು ಪಾರ್ಕಿನ ಒಳಗೆ ಸಾಗಿಸಿದರು. ನ್ಯಾಯದ ಬಾಗಿಲಲ್ಲಿ ನಿಲ್ಲುವ ಗೌರವ ಬೇರೆ, ಪಾರ್ಕಿನಲ್ಲಿ ಇತಿಹಾಸವಾಗಿ ನಿಲ್ಲುವುದು ಬೇರೆ. ನನಗೆ ಇದು ಒಪ್ಪುವ ಮಾತು.

ಹೀಗೆ ನೋಡುತ್ತಾ ಹೋದರೆ ಹೆಸರಿಗೆ ಮೂರು ಕೆಲಸ ಇದೆ ಅನ್ನಿಸುತ್ತದೆ: ಗೌರವಿಸುವುದು, ನೆನಪಿಡುವುದು, ದಾರಿ ತೋರಿಸುವುದು. ಕ್ಲೋಸ್‌ಗೆ ಗೌರವ ಬೇಕಿಲ್ಲ, ಸರಿ. ದಾರಿ ತೋರಿಸಲು ರಾಮನಗರ ಸಾಕು. ಆದರೆ ನೆನಪು ಇರಲಿ. ಈಗ ಅದು ಇರುವುದು ಭೂವಿಜ್ಞಾನಿಗಳ ಹತ್ತಿರ ಮಾತ್ರ. ನಮ್ಮ ಬೆಟ್ಟಗಳ ಕಲ್ಲಿಗೆ ಇಂದಿಗೂ ಜಗತ್ತಿನ ಪುಸ್ತಕಗಳಲ್ಲಿ ‘ಕ್ಲೋಸ್‌ಪೇಟ್ ಗ್ರಾನೈಟ್’ ಅಂತಲೇ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು, ನೂರಾರು ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಮೈಸೂರಿನಲ್ಲಿ ಹೆಚ್ಚು ಕಾಲ ರೆಸಿಡೆಂಟ್ ಆಗಿ ಉಳಿಯದ ಮನುಷ್ಯನ ಹೆಸರು ಇಷ್ಟು ಹಳೆಯ ಕಲ್ಲಿಗೆ ಅಂಟಿಕೊಂಡಿದೆ. ‘ಶೋಲೆ’ ಶೂಟಿಂಗ್ ಆಗಿದ್ದೂ ಇದೇ ಕಲ್ಲುಗಳ ನಡುವೆ. ಆಗ ಹಾಕಿದ ಸೆಟ್ಟಿನ ಜಾಗಕ್ಕೆ ನಿರ್ದೇಶಕರ ಹೆಸರಲ್ಲಿ ಸಿಪ್ಪಿನಗರ ಅಂತ ಜನ ಕರೆಯುತ್ತಿದ್ದರು. ಸೆಟ್ ಹೋಯಿತು, ಹೆಸರೂ ಸವೆಯಿತು.

ಈಗ ನಮ್ಮ ಮನೆ ವಿಷಯ. ನಮ್ಮಪ್ಪ ಮತ್ತು ದೊಡ್ಡಪ್ಪನಿಗೆ ಸೇರಿ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ. ಅದರ ಸೊಪ್ಪಲ್ಲೇ ಹುಳ ಸಾಕಿ, ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿ ನನ್ನನ್ನು ಇಂಜಿನಿಯರಿಂಗ್ ಓದಿಸಿದರು. ಜಿಲ್ಲೆಯ ಹೆಸರು ಬದಲಾದ ಸುದ್ದಿ ಬಂದ ವಾರವೇ ಮನೆಗೆ ಬ್ರೋಕರ್‌ಗಳು ಬರಲು ಶುರು. ಆವತ್ತು ಸಂಜೆ ಜಗಲಿಯಲ್ಲಿ ನಡೆದ ಮಾತು ಇದು:

‘ಬೆಂಗ್ಳೂರು ಅಂತ ಹೆಸ್ರಿಟ್ರೆ ಕಾವೇರಿ ನೀರು ಬತ್ತದೇನ್ಲಾ?’ ಅಂದರು ದೊಡ್ಡಪ್ಪ.

‘ನೀರು ಬರ್ದಿದ್ರೂ ರೇಟು ಬತ್ತದೆ ಕಣಣ್ಣ’ ಅಂದರು ಅಪ್ಪ.

ಇಬ್ಬರೂ ಹೇಳಿದ್ದು ನಿಜ. ಅಪ್ಪನಿಗೆ ಮಂಡಿ ನೋವು, ಸೊಪ್ಪು ಕೊಯ್ಯಲು ಆಳು ಸಿಗುವುದಿಲ್ಲ, ಅಣ್ಣನೂ ನಾನೂ ಬೆಂಗಳೂರು ರೈಲು ಹಿಡಿಯುವವರು. ಬೆಂಗಳೂರು ಅನ್ನುವ ಹೆಸರಿನಿಂದ ಬಂಡವಾಳ ಬರುತ್ತೆ, ಉದ್ಯೋಗ ಬರುತ್ತೆ, ಜಮೀನಿಗೆ ಬೆಲೆ ಬರುತ್ತೆ ಅನ್ನುವ ಸರ್ಕಾರದ ಕಡೆಯವರ ವಾದವನ್ನು ಸುಮ್ಮನೆ ತಳ್ಳಿಹಾಕಲು ನನಗಾಗುವುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಒಂದು ಕಾಲಕ್ಕೆ ಬೆಂಗಳೂರು ಜಿಲ್ಲೆಯೇ ಅನ್ನುವುದೂ ಸತ್ಯ. ಮಾಗಡಿಗಂತೂ ಕೆಂಪೇಗೌಡರ ವಂಶದ ನಂಟೇ ಇದೆ. ಇನ್ನೊಂದು ಕಡೆ, ರಾಮನಗರ ಅಂತ ಜಿಲ್ಲೆ ಕಟ್ಟಿದವರ ಬೇಸರವೂ ಅರ್ಥವಾಗುತ್ತದೆ. ಊರಿನ ಹೆಸರು ಹಾಗೇ ಇದೆ, ಜಿಲ್ಲಾ ಕೇಂದ್ರವೂ ರಾಮನಗರವೇ, ಹಾಗಾಗಿ ಆಕಾಶವೇನೂ ಕಳಚಿ ಬಿದ್ದಿಲ್ಲ.

ಆದರೆ ಒಂದು ವ್ಯತ್ಯಾಸ ನನ್ನನ್ನು ಬಿಡುವುದಿಲ್ಲ. ಕ್ಲೋಸ್‌ಪೇಟೆ ಹೋದಾಗ ಮೇಲಿನವರು ಹೇರಿದ ಹೆಸರು ಹೋಗಿ ನೆಲದ ಹೆಸರು ಬಂತು. ಈಗ ನೆಲದ ಹೆಸರು ಹಿಂದೆ ಸರಿದು, ಪಕ್ಕದ ದೊಡ್ಡ ಊರಿನ ಒಂದು ದಿಕ್ಕಾಗಿ ನಾವು ನಿಂತಿದ್ದೇವೆ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಚನ್ನಪಟ್ಟಣ ಅನ್ನುವ ಹೆಸರಿಗೆ. ಆಲೆ ಮರ, ಅರಗು, ಕೈಚಳಕ ಎಲ್ಲ ಆ ಹೆಸರಿನೊಳಗೆ ಇದೆ. ಅದನ್ನು ಯಾವ ದಿಕ್ಕಿನ ಹೆಸರಲ್ಲಿ ಮಾರುತ್ತೀರಿ?

ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ನಮ್ಮ ಹಳ್ಳಿಯ ಸುತ್ತ ಈಗ ಐದಾರು ಲೇಔಟ್ ಎದ್ದಿವೆ. ಎಲ್ಲದಕ್ಕೂ ವ್ಯಾಲಿ, ಮೆಡೋಸ್, ಹೈಟ್ಸ್ ಅಂತ ಬಾಲ. ಅಲ್ಲಿ ವ್ಯಾಲಿಯೂ ಇಲ್ಲ, ಮೆಡೋವೂ ಇಲ್ಲ. ಆ ಜಾಗಗಳಿಗೆ ಮೊದಲು ಹೆಸರಿತ್ತು: ಕಲ್ಲುಬಾವಿ ಹೊಲ, ದಿಣ್ಣೆ ಹೊಲ, ಗೌಡನ ತೋಪು. ಈ ಹೆಸರುಗಳನ್ನು ಯಾವ ರೆಸಿಡೆಂಟನೂ ಬಂದು ಕಿತ್ತುಕೊಂಡಿಲ್ಲ. ನಾವೇ ಒಳ್ಳೆಯ ರೇಟಿಗೆ ಬಿಟ್ಟುಕೊಟ್ಟೆವು. ಪ್ರತಿಮೆ ಉರುಳಿದರೆ ಟಿವಿಯಲ್ಲಿ ಚರ್ಚೆ ಆಗುತ್ತದೆ. ಹೊಲದ ಹೆಸರು ಸತ್ತರೆ ತಿಥಿ ಮಾಡುವವರೂ ಇಲ್ಲ.

ಅದಕ್ಕೇ ಕಳೆದ ಕೆಲವು ಭಾನುವಾರಗಳಿಂದ ಒಂದು ಸಣ್ಣ ಕೆಲಸ ಹಿಡಿದಿದ್ದೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ನಕ್ಷೆ ಇದೆ, ಯಾರು ಬೇಕಾದರೂ ಅದಕ್ಕೆ ಮಾಹಿತಿ ಸೇರಿಸಬಹುದು. ಅದರಲ್ಲಿ ಪ್ರತಿ ಜಾಗಕ್ಕೂ ಈಗಿನ ಹೆಸರಿಗೆ ಒಂದು ಜಾಗ, ಹಳೆಯ ಹೆಸರಿಗೆ ಬೇರೆ ಜಾಗ ಇದೆ. ಹೊಸ ಹೆಸರು ಬಂತು ಅಂತ ಹಳೆಯದನ್ನು ಅಳಿಸಬೇಕಿಲ್ಲ. ಒಂದು ಊರಿಗೆ ಇಷ್ಟು ಸಾಕಲ್ಲವೇ? ಅವ್ವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಸುತ್ತುತ್ತೇನೆ. ಅವಳು ಕೈ ತೋರಿಸುತ್ತಾಳೆ, ನಾನು ಗುರುತು ಹಾಕಿಕೊಳ್ಳುತ್ತೇನೆ. ಇಲ್ಲಿಯವರೆಗೆ 31 ಹೆಸರು ಸಿಕ್ಕಿವೆ. ಎರಡು ಕಟ್ಟೆ, ಒಂದು ಗುಂಡುತೋಪು, ಮುಚ್ಚಿಹೋದ ಮೂರು ಬಾವಿ, ಉಳಿದದ್ದೆಲ್ಲ ಹೊಲಗಳು.

‘ಇದ್ರಿಂದ ಏನ್ಲಾ ಉಪ್ಯೋಗ?’ ಅಂತ ಅವಳು ಕೇಳಿದ್ದಳು. ಹೊಲ ಮಾರುವುದನ್ನು ಇದು ತಡೆಯುವುದಿಲ್ಲ ಅಂತ ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮ ತೋಟದ ಮಾತುಕತೆ ಇನ್ನೂ ನಡೆಯುತ್ತಿದೆ, ಅಪ್ಪ ಮಾರಿದರೆ ನಾನು ಅಡ್ಡ ಬರುವುದಿಲ್ಲ. ಆ ಮಂಡಿ ನೋವು ನನ್ನದಲ್ಲ. ಆದರೆ ನಾಳೆ ಅಲ್ಲಿ ಮನೆ ಕಟ್ಟಿ ಬರುವವರು ಮೊಬೈಲ್ ತೆರೆದಾಗ, ಹೊಸ ಹೆಸರಿನ ಜೊತೆ ‘ಹಳೆಯ ಹೆಸರು: ಕಲ್ಲುಬಾವಿ ಹೊಲ’ ಅಂತಲೂ ಸಿಗಲಿ. ಅವರ ಮಗು ‘ಬಾವಿ ಎಲ್ಲಿತ್ತು?’ ಅಂತ ಕೇಳಿದರೆ ಅಷ್ಟೇ ಸಾಕು.

ನಿಮ್ಮೂರಿನಲ್ಲೂ ಅಂಥ ಹೆಸರುಗಳು ಇರುತ್ತವೆ. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ, ಮನೆಯ ಹಿರಿಯರನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಒಂದೊಂದೇ ಕೇಳಿ ಬರೆದಿಟ್ಟುಕೊಳ್ಳಿ. ಅವರು ಇರುವಾಗಲೇ ಆಗಬೇಕಾದ ಕೆಲಸ ಇದು.