ಗಟ್ಟಿಮೇಳಕ್ಕೆ ರೀಟೇಕ್ ಇಲ್ಲ

ಹಕ್ಕಿಗಾಗಿ ಗಂಟೆಗಟ್ಟಲೆ ಕಾಯೋದು ನನಗೆ ಗೊತ್ತು. ಲಾಲ್‌ಬಾಗಿನ ಕೆರೆ ದಂಡೆಯಲ್ಲಿ 5 ವರ್ಷದಿಂದ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದೇನೆ. ಆದರೆ ಹಕ್ಕಿ ಈ ಭಾನುವಾರ ಸಿಗದಿದ್ದರೆ ಮುಂದಿನ ಭಾನುವಾರ ಸಿಗುತ್ತದೆ. ತಾಳಿ ಕಟ್ಟೋದು ಒಂದೇ ಸಲ.

ಬರುವ ಭಾನುವಾರ ಚಿಕ್ಕಮ್ಮನ ಮಗಳ ಮದುವೆ. ಫೋಟೋ ತೆಗೆಯುವವಳು ನಾನು. ಡ್ರೋನ್, ಆಲ್ಬಂ, ಪ್ರೀ-ವೆಡ್ಡಿಂಗ್ ಎಲ್ಲ ಸೇರಿಸಿದ ಪ್ಯಾಕೇಜ್‌ಗಳ ರೇಟ್ ಕೇಳಿ ಸುಸ್ತಾಗಿ ಅವಳು, "ಅಕ್ಕಾ, ನೀನೇ ತೆಗಿ" ಅಂದಳು. ದುಡ್ಡು ಒಂದು ಕಾರಣ. ಇನ್ನೊಂದನ್ನು ನಿಧಾನವಾಗಿ ಹೇಳಿದಳು.

ಹೂಂ ಅಂದ ಮೇಲೆ ಮೊದಲು ಮಾಡಿದ ಕೆಲಸ, ಇನ್ನೊಂದು ಕ್ಯಾಮೆರಾ ಬಾಡಿಗೆಗೆ ಗೊತ್ತು ಮಾಡಿದ್ದು. ಒಂದು ಕೈಕೊಟ್ಟರೆ ಇನ್ನೊಂದು ಬೇಕಲ್ಲ! 4 ಬ್ಯಾಟರಿ. ಒಂದೇ ದೊಡ್ಡ ಮೆಮೊರಿ ಕಾರ್ಡ್ ಬದಲು ಚಿಕ್ಕ ಚಿಕ್ಕವು, ಒಂದು ಕೆಟ್ಟರೆ ಇಡೀ ಮದುವೆ ಹೋಗಬಾರದು.

ಆಮೇಲೆ ಛತ್ರಕ್ಕೆ ಹೋದೆ, ಮುಹೂರ್ತದ ಹೊತ್ತಿಗೇ. ಬೆಳಕು ಹೇಗಿರುತ್ತೆ ಅಂತ ನೋಡಬೇಕಿತ್ತು. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಕೆಲವು ಎಲ್‌ಇಡಿಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಕಾಣಿಸಲ್ಲ. ಆದರೆ ಶಟರ್ ಸ್ಪೀಡ್ ಜಾಸ್ತಿಯಿದ್ದರೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತದೆ. 1/100ಕ್ಕೆ ಇಳಿಸಿದೆ, ಪಟ್ಟಿ ಮಾಯ. ಇನ್ನು ಧಾರೆ ಸೀರೆ ಬಿಳಿ. ಫ್ರೇಮ್ ತುಂಬಾ ಬಿಳಿ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡಿಬಿಡುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಏರಿಸಬೇಕು. ಇವನ್ನೆಲ್ಲ ಅಲ್ಲೇ ಬರೆದುಕೊಂಡೆ.

ಕ್ಯಾಮೆರಾ ವಿಷಯ ಇಷ್ಟೇ. ಮದುವೆ ವಿಷಯ ಕಲಿಯೋಕೆ ಪುರೋಹಿತರಿಗೆ ಫೋನ್ ಮಾಡಿದೆ. ಇಷ್ಟು ಮದುವೆಗಳಲ್ಲಿ ಊಟ ಮಾಡಿದ್ದೇನೆ, ಯಾವುದಾದ ಮೇಲೆ ಯಾವುದು ಅಂತ ಮಾತ್ರ ಗೊತ್ತಿರಲಿಲ್ಲ. ಅಂತರಪಟ ಸರಿದ ಕೂಡಲೇ ಜೀರಿಗೆ-ಬೆಲ್ಲ, ಅದು ಕೆಲವೇ ಕ್ಷಣ. ಆಮೇಲೆ ಧಾರೆ. ಆಮೇಲೆ ಮಾಂಗಲ್ಯ. "ನಾನು ಕೈ ಎತ್ತಿ ಗಟ್ಟಿಮೇಳ ಅನ್ನೋಕೆ ಮುಂಚೆನೇ ನೀವು ಜಾಗ ಹಿಡಿದಿರಬೇಕಮ್ಮ. ಆಮೇಲೆ ಬಂದ್ರೆ ಅಕ್ಷತೆ ಹಾಕೋರ ಬೆನ್ನಿನ ಫೋಟೋ ಸಿಗುತ್ತೆ ಅಷ್ಟೇ" ಅಂದರು.

ಇನ್ನು ಆ ಎರಡನೇ ಕಾರಣ. ಚಿಕ್ಕಪ್ಪ ಹೋಗಿ 3 ವರ್ಷ ಆಯಿತು. ಧಾರೆ ಎರೆಯೋದು ಅವಳ ದೊಡ್ಡಪ್ಪ-ದೊಡ್ಡಮ್ಮ ಅಂತ ಹಿರಿಯರು ಮಾತಾಡಿಕೊಂಡಿದ್ದಾರೆ. "ಹೊರಗಿನ ಫೋಟೋಗ್ರಾಫರ್‌ಗೆ ಅಮ್ಮ ಯಾರು ಅಂತಾನೇ ಗೊತ್ತಾಗಲ್ಲ ಅಕ್ಕಾ. ಅವಳು ಅಡುಗೆಮನೆ ಬಾಗಿಲ ಹತ್ರ ನಿಂತುಬಿಡ್ತಾಳೆ" ಅಂದಳು. ಅಮ್ಮನೇ ಧಾರೆ ಎರೆಯಬೇಕು ಅಂತ ಅವಳ ಹಟ. ಪುರೋಹಿತರು, "ನನ್ನ ಅಭ್ಯಂತರ ಇಲ್ಲ, ಮನೆಯವರು ಒಪ್ಪಿಕೊಳ್ಳಲಿ" ಅಂದಿದ್ದಾರೆ. ಒಪ್ಪದವರು ಚಿಕ್ಕಮ್ಮನೇ. "ಶುಭಕಾರ್ಯದ ದಿನ ನಾಲ್ಕು ಜನರ ಬಾಯಿಗೆ ಯಾಕೆ ಬೀಳಬೇಕು?"

ಇನ್ನೂ ತೀರ್ಮಾನ ಆಗಿಲ್ಲ. ಹಾಗಾಗಿ ನಾನು ಎರಡಕ್ಕೂ ತಯಾರಾಗಬೇಕು. ಮಂಟಪದ ಬಲಮೂಲೆಯಲ್ಲಿ ಒಂದು ಜಾಗ ನೋಡಿಟ್ಟಿದ್ದೇನೆ. ಅಲ್ಲಿ ನಿಂತರೆ ಧಾರೆಯ ಕೈಗಳು ಹತ್ತಿರದಲ್ಲಿ ಕಾಣುತ್ತವೆ. ತಿರುಗಿ ಝೂಮ್ ಮಾಡಿದರೆ ಅಡುಗೆಮನೆ ಬಾಗಿಲೂ ಸಿಗುತ್ತದೆ. ಎರಡನೇ ಕ್ಯಾಮೆರಾದಲ್ಲಿ ಝೂಮ್ ಲೆನ್ಸ್ ಹಾಕಿಕೊಂಡೇ ಇರುತ್ತೇನೆ. ಚಿಕ್ಕಮ್ಮ ಎಲ್ಲೇ ನಿಂತರೂ ಆ ಗಳಿಗೆಯ ಅವರ ಮುಖ ಆಲ್ಬಂನಲ್ಲಿ ಇರಬೇಕು.

ನಿನ್ನೆ ಅವರಿಗೆ ಫೋನ್ ಮಾಡಿ, "ಯಾವ ಸೀರೆ ಉಡ್ತೀರಾ? ಗುಂಪಿನಲ್ಲಿ ಹುಡುಕೋಕೆ ಬೇಕು" ಅಂತ ಕೇಳಿದೆ. "ಯಾವುದೋ ಒಂದು ಉಡ್ತೀನಿ ಬಿಡೇ, ನನ್ನ ಯಾರು ನೋಡ್ತಾರೆ" ಅಂದು ಇಟ್ಟುಬಿಟ್ಟರು.

ಅರ್ಧ ಗಂಟೆ ಬಿಟ್ಟು ಅವರೇ ವಾಪಸ್ ಮಾಡಿದರು. "ಆ ಕೆಂಪಂಚಿನ ನೀಲಿ ಸೀರೆ ಇದೆಯಲ್ಲ, ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತಾ?"

ಬರುತ್ತೆ ಅಂದೆ.